ಪಂಕ್ತಿಯಲ್ಲಿ ಮೊದಲು ಕುಳಿತವರು

ಹೋದ ವಾರ ಬೆಳಗಾವಿಯ ಒಂದು ಖಾನಾವಳಿಯಲ್ಲಿ ಊಟ ಮುಗಿಸಿ ಎದ್ದವಳು, ಬಟ್ಟಲಿನಿಂದ ಚಿಟಿಕೆ ಬಡೇಸೋಪು ತೆಗೆದು ಬಾಯಿಗೆ ಹಾಕಿಕೊಂಡೆ. ಆ ವಾಸನೆಗೆ ಕಾಲು ಅಲ್ಲೇ ನಿಂತವು. ಬೇರೆಯವರಿಗೆ ಬಡೇಸೋಪೆಂದರೆ ಹೊಟ್ಟೆ ತುಂಬಿದ ನೆಮ್ಮದಿ. ನನಗೆ ಮಾತ್ರ ಊರಾಚೆಯ ಮಚ್ಛೆ ಹಳ್ಳಿಯ ಒಂದು ಸಣ್ಣ ಕಾರ್ಖಾನೆ, ಆಗಷ್ಟೇ ಮುಚ್ಚಳ ತೆಗೆದ ಒಂದು ಡ್ರಮ್ಮು, ಮತ್ತೆ ನಮ್ಮ ಕೆಮಿಸ್ಟ್ ಕಾಕಾ...

ಕಾಕಾ ನನಗೆ ಸಂಬಂಧಿಕರೇನಲ್ಲ. ಆ ಕಾರ್ಖಾನೆಯ ಹಿರಿಯ ಕೆಮಿಸ್ಟ್. ಅನಗೋಳದಿಂದ ಹಳೆಯ ಸ್ಕೂಟರಿನ ಮೇಲೆ ಬರುತ್ತಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಪ್ರಯೋಗಾಲಯದಲ್ಲಿ ಸೇರಿಕೊಂಡಿದ್ದೆ. ನನ್ನಣ್ಣ ಅಲ್ಲೇ ರಿಯಾಕ್ಟರ್ ನೋಡಿಕೊಳ್ಳುತ್ತಿದ್ದ. ರಿಯಾಕ್ಟರ್ ಎಂದರೆ ಆಳೆತ್ತರದ, ಮುಚ್ಚಿದ ಹಂಡೆ. ಅದಕ್ಕೆ ಆಸಿಡ್ ಬಿಡುವ ವಾಲ್ವು ತಿರುಗಿಸುವವನು ಅಣ್ಣ; ಹೆಚ್ಚುಕಮ್ಮಿ ಆದರೆ ಮೊದಲು ಬಲಿಯಾಗುವವನೂ ಅವನೇ. ಇಬ್ಬರೂ ದಿನಾ ಖಾನಾಪುರದಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು.

ಕಾಕಾರಿಗೆ ಒಂದು ಚಟವಿತ್ತು. ಹೊಸ ಡ್ರಮ್ಮು ಬಂದರೆ ಸಾಕು, “ಮೊದಲ ಯಾರು ಕುಂತಾರ ನೋಡ್ರಿ” ಎನ್ನುತ್ತಿದ್ದರು. ಕೆಲಸಗಾರರು ನಗುತ್ತಿದ್ದರು. ಸೇರಿದ ಹೊಸದರಲ್ಲಿ ನಾನೂ ನಕ್ಕಿದ್ದೆ.

“ನಗಬ್ಯಾಡವಾ,” ಎಂದು ಒಮ್ಮೆ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಾಗ ಹೇಳಿದರು. “ಬೆಂಜೀನ್ ಉಂಗುರ ಅಂದ್ರ ಊಟಕ್ಕ ದುಂಡಗ ಹಾಸಿದ ಆರು ಮಣಿ. ಮುಂದ ಬರಾಂವ ಯಾವ ಮಣಿ ಮ್ಯಾಲ ಕುಂದರತಾನ, ಎಷ್ಟ ಅವಸರ ಮಾಡತಾನ, ಅದೆಲ್ಲಾ ಮೊದಲ ಕುಂತಾವನ ಸ್ವಭಾವದ ಮ್ಯಾಲ ಐತಿ.”

ಕಾಲೇಜಿನಲ್ಲಿ ಉರು ಹೊಡೆದು ಮರೆತ ಪಾಠ ಅವತ್ತು ರೊಟ್ಟಿಯ ಜೊತೆ ಒಳಗೆ ಇಳಿಯಿತು. ಉಂಗುರದ ಮೇಲೆ ಮೊದಲೇ ಕುಳಿತ ಕೆಲವು ಗುಂಪುಗಳು ಜಿಪುಣರು. ಉಂಗುರದ ಎಲೆಕ್ಟ್ರಾನುಗಳನ್ನು ತಮ್ಮ ಕಡೆಗೇ ಎಳೆದುಕೊಂಡು ಅದನ್ನು ಬಡವಾಗಿಸುತ್ತವೆ. ಅಂಥಲ್ಲಿಗೆ ನಾವು ಆಸಿಡ್ಡಿನಿಂದ ಕೂಡಿಸುವ ನೈಟ್ರೋ ಗುಂಪು ಸುಲಭಕ್ಕೆ ಬರುವುದಿಲ್ಲ. ಬಲವಾದ ಆಸಿಡ್ ಹಾಕಿ ದೂಡಬೇಕು. ಬಂದರೂ ಮುನಿಸಿಕೊಂಡವರ ಹಾಗೆ ಒಂದು ಮಣೆ ಬಿಟ್ಟು ಕೂರುತ್ತದೆ. ಇನ್ನು ಕೆಲವು ಉದಾರಿಗಳು. ತಮ್ಮಲ್ಲಿದ್ದದ್ದನ್ನು ಉಂಗುರಕ್ಕೆ ಕೊಡುತ್ತವೆ. ಅಲ್ಲಿ ಕರೆಯುವುದೇ ತಡ, ಪಕ್ಕಕ್ಕೆ, ಎದುರಿಗೆ ನೂಕುನುಗ್ಗಲು; ಆ ಗದ್ದಲಕ್ಕೆ ಕಾವೂ ಏರುತ್ತದೆ. ಕಾಕಾ ಹೆದರುತ್ತಿದ್ದದ್ದು ಈ ಉದಾರಿಗಳಿಗೇ.

ನಾವು ಬಹಳ ದಿನಗಳಿಂದ ಮೀಥೈಲ್ ಬೆಂಜೊಯೇಟಿಗೆ ನೈಟ್ರೋ ಕೂಡಿಸುತ್ತಿದ್ದೆವು. ಅದು ಜಿಪುಣರ ಪೈಕಿ. ಅಣ್ಣನಿಗೆ ಆ ಕೆಲಸ ನೀರು ಕುಡಿದಷ್ಟು ಸಲೀಸಾಗಿತ್ತು. ಆಮೇಲೊಂದು ದಿನ ಬೇರೆ ಮಾಲು ಬಂತು. ಮುಚ್ಚಳ ತೆಗೆದರೆ ಶೆಡ್ಡಿನ ತುಂಬ ಬಡೇಸೋಪಿನ ಘಮ. ಹೆಸರು ಅನಿಸೋಲ್, ಉದಾರಿಗಳ ಪೈಕಿ.

ಮಾಲಕರಿಗೆ ಅವಸರ. ಕೆಟ್ಟ ಮನುಷ್ಯರಲ್ಲ, ಆದರೆ ಪಿಯುಸಿವರೆಗೆ ವಿಜ್ಞಾನ ಓದಿದ್ದರು, ಅದೇ ಫಜೀತಿ. “ಎರಡೂ ಬೆಂಜೀನ್ ಉಂಗುರಾನ ಅಲ್ಲೇನ್ರಿ? ಎರಡರಾಗೂ ಆಕ್ಸಿಜನ್ನು, ಎರಡರಾಗೂ ಮೀಥೈಲು. ಅದ ಆಸಿಡ್ಡು, ಅದ ಕಾವು, ನಡಸ್ರಿ. ಗಿರಾಕಿ ಬಾಗಲಾಗ ಬಂದು ಕುಂತಾನ.”

ಅಣ್ಣ ಆಗಲೇ ಹಂಡೆಯ ಏಣಿ ಹತ್ತಿ ವಾಲ್ವಿನ ಮೇಲೆ ಕೈಯಿಟ್ಟು ನಿಂತಿದ್ದ.

“ಕೆಳಗ ಇಳಿ!” ಕಾಕಾ ಕೂಗಿದರು. ಅವರ ದನಿ ಅಷ್ಟು ಏರಿದ್ದು ನಾನು ಕೇಳಿರಲೇ ಇಲ್ಲ. “ಮಾಲಕರು ಹೇಳ್ಯಾರಲ್ಲರಿ,” ಎಂದ ಅಣ್ಣ. “ಯಾರರೆ ಹೇಳಲಿ. ಹೊರಗ ಹೋಗಿ ಗಿಡದ ಬುಡಕ ಕುಂದರು. ನಾ ಕರಿಯೂತನಕ ಒಳಗ ಬಂದೀ ಅಂದ್ರ ನೋಡು.” ಎಲ್ಲರ ಎದುರಿಗೆ ಹಾಗೆ ಅನ್ನಿಸಿಕೊಂಡು ಅಣ್ಣನ ಮುಖ ಇಷ್ಟೇ ಇಷ್ಟಾಯಿತು. ಕೈ ಒರೆಸಿಕೊಂಡು ಹೊರಗೆ ಹೋದ.

ಕಾಕಾ ಮಾಲಕರನ್ನು ಪ್ರಯೋಗಾಲಯಕ್ಕೆ ಕರೆತಂದರು. ಸಣ್ಣ ಫ್ಲಾಸ್ಕಿನಲ್ಲಿ ಸ್ವಲ್ಪ ಅನಿಸೋಲ್, ಸುತ್ತ ಕೊರೆಯುವ ಬರ್ಫದ ಚೂರು, ಮುಂದೆ ದಪ್ಪ ಗಾಜು. ನಾವು ದಿನಾ ಬಳಸುವ ಅದೇ ಆಸಿಡ್ ಕೆಲವೇ ಹನಿ ಬಿಟ್ಟರು. ಒಂದು ಗಳಿಗೆ ಏನೂ ಇಲ್ಲ. ಮಾಲಕರು ನಗಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಫ್ಲಾಸ್ಕಿನಲ್ಲಿದ್ದದ್ದು ಕಪ್ಪಾಯಿತು, ಥರ್ಮಾಮೀಟರಿನ ಪಾದರಸ ಸರ್ರನೆ ಏರಿತು, ಗಾಜಿನ ಹಿಂದೆಲ್ಲ ಕೆಂಗಂದು ಹೊಗೆ...

“ಬರ್ಫದಾಗ, ಇಷ್ಟ ಹನಿಗೆ ಹಿಂಗ,” ಎಂದರು ಕಾಕಾ, ಮೆಲ್ಲಗೆ. “ಆ ಹಂಡೇದಾಗ ಬಿಟ್ಟಿದ್ರ?”

ಮಾಲಕರು ಸ್ಟೂಲು ಎಳೆದುಕೊಂಡು ಕುಳಿತರು. ನಾನು ಕಿಟಕಿಯ ಹೊರಗೆ ನೋಡಿದೆ. ಅಣ್ಣ ಗಿಡದ ಕೆಳಗೆ ಮುಖ ಊದಿಸಿಕೊಂಡು ಕುಳಿತಿದ್ದ. ಅವನ ಕೈ ಕಾಲು ಕಣ್ಣು ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಅಳು ಬಂತು, ತಡೆಯಲಿಲ್ಲ.

“ಅಳಬ್ಯಾಡವಾ, ಏನೂ ಆಗಿಲ್ಲಲ್ಲ,” ಎಂದರು ಕಾಕಾ. “ಅವಂಗೂ ಹೇಳಬ್ಯಾಡ, ಮನ್ಯಾಗೂ ಹೇಳಬ್ಯಾಡ. ಅವ್ವ ನಾಳಿಂದ ಕೆಲಸಾ ಬಿಡಸ್ತಾಳ.” ಅದು ನಿಜವೇ. ಅವ್ವನ ಸ್ವಭಾವ ಅವರಿಗೆ ಹೇಗೆ ಗೊತ್ತಿತ್ತೋ ಕಾಣೆ.

ಆಮೇಲೆ ಕಾಕಾ ತೆಳು ಆಸಿಡ್ ತರಿಸಿ, ತಣ್ಣಗಿಟ್ಟು, ನಿಧಾನಕ್ಕೆ ಬಿಡಿಸಿ ಅದೇ ಕೆಲಸ ಮಾಡಿಸಿದರು. ಉದಾರಿಗೆ ಅಷ್ಟು ಸಾಕಾಗಿತ್ತು. ವಾಲ್ವು ತಿರುಗಿಸಿದವನು ಅಣ್ಣನೇ. ಮಾಲಕರು ಮತ್ತೆಂದೂ ಕಾಕಾರ ಫ್ಲಾಸ್ಕು ನೋಡದೆ ಹಂಡೆ ತುಂಬಿಸಲಿಲ್ಲ. ನಾನು ಮದುವೆಯಾಗಿ ಕೆಲಸ ಬಿಟ್ಟೆ, ಭೇಟಿ ಕಡಿಮೆಯಾಯಿತು, ನಿಂತೇ ಹೋಯಿತು...

ಖಾನಾವಳಿಯಿಂದ ನೇರ ಅನಗೋಳಕ್ಕೆ, ಕಾಕಾರ ಮನೆಗೆ ಹೋದೆ. ಬಾಗಿಲು ತೆಗೆದ ಸೊಸೆ, ಮಾವನವರು ಹೋದ ಮಳೆಗಾಲದಲ್ಲೇ ತೀರಿಕೊಂಡರೆಂದಳು. ಇಷ್ಟು ಹತ್ತಿರವಿದ್ದೂ ನನಗೆ ಗೊತ್ತಾಗಿರಲಿಲ್ಲ.

ಭಾನುವಾರ ಖಾನಾಪುರಕ್ಕೆ ಹೋಗಿ ಅಣ್ಣನಿಗೆ ಸುದ್ದಿ ಹೇಳಿದೆ. “ಭಾಳ ಹಟಮಾರಿ ಮನಷ್ಯಾ,” ಎಂದ ಅವನು. “ಒಂದ ದಿನ ನನ್ನ ಕಾರಣ ಇಲ್ಲದ ಗಿಡದ ಬುಡಕ ಕುಂದ್ರಿಸಿದ್ರು ನೋಡ್ವಾ, ಮಂದಿ ಮುಂದ. ಇನ್ನೂ ಮರ್ತಿಲ್ಲ ನಾ.”

ಅವ್ವ ಈಗಿಲ್ಲ, ಅಣ್ಣ ಕೆಲಸದಿಂದ ನಿವೃತ್ತನಾಗಿ ವರ್ಷಗಳಾದವು. ಇನ್ನು ಮುಚ್ಚಿಡುವುದೇನು? ಎಲ್ಲವನ್ನೂ ಹೇಳಿದೆ.

“ಮತ್ತ ನಾ ಅವರ ಜೋಡಿ ಮಾತ ಬಿಟ್ಟಿದ್ನಲ್ಲಾ,” ಎಂದ ಅಣ್ಣ. “ಎದುರಿಗಿ ಬಂದ್ರ ಮಾರಿ ತಿರುವತಿದ್ನಿ. ಅವರಾ ನಕ್ಕೋತ ಹೋಗತಿದ್ರು.”

ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡ. ನಾನು ಆ ಕೈಗಳನ್ನೇ ನೋಡುತ್ತ ಕುಳಿತೆ.