ತಲೆಯವರೆಗೆ ಥ್ರೆಡ್ಡು ಹಾಕಿದ ಬೋಲ್ಟು

ಅಮೀನಗಡದ ತಿರುವಿನಲ್ಲಿ ಸಾಹುಕಾರರ ಕಾರು ತಗ್ಗಿಗೆ ಉರುಳಿದ್ದು ಡ್ರೈವರ್ ಯಮನೂರಪ್ಪನ ತಪ್ಪಿನಿಂದಲ್ಲ. ನನ್ನ ಬೋಲ್ಟಿನಿಂದ. ಇಪ್ಪತ್ತೆರಡು ವರ್ಷ ಇದನ್ನು ಬಾಯಿಗೆ ತರದೆ ಉಂಡೆ, ಉಟ್ಟೆ, ನಿದ್ದೆಯನ್ನೂ ಮಾಡಿದೆ. ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ನಾನು ಇಳಕಲ್ಲಿನಲ್ಲಿ ಲೇಥ್ ನಡೆಸುವವಳು. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟೆ; ಅಕ್ಷರಕ್ಕಿಂತ ಕಬ್ಬಿಣ ನನಗೆ ಬೇಗ ತಿಳಿಯುತ್ತದೆ. ಗಂಡನಿಗೆ ಲಕ್ವ ಹೊಡೆದ ಮೇಲೆ ಮಷೀನಿಗೆ ನಾನೇ ನಿಂತೆ. ಊರಿನ ಮಗ್ಗಗಳಿಗೆ ಬೋಲ್ಟು, ಶಾಫ್ಟು ಮಾಡುತ್ತಿದ್ದೆ. ಗಂಡನೇ ಮಾಡುತ್ತಾನೆ ಎಂದು ಜನ ತಿಳಿದಿದ್ದರು — ನಾವೂ ಹಾಗೇ ಬಿಟ್ಟಿದ್ದೆವು.

ಸಾಹುಕಾರರು ಸೀರೆ ವ್ಯಾಪಾರದವರು. ಅವರದೊಂದು ಗುಂಡು ಮೂಗಿನ ಹಳೆಯ ಕಾರು. ಹಿಂದಿನ ಗಾಲಿಯ ಕಮಾನುಪಟ್ಟಿಯನ್ನು ಹಿಡಿದಿಡುವ ಬೋಲ್ಟು ಸವೆದಿತ್ತು, ಪೇಟೆಯಲ್ಲಿ ಸಿಗಲಿಲ್ಲ. ನಾನು ಮಾಡಿಕೊಟ್ಟೆ. ಮಗ್ಗದ ಬೋಲ್ಟಿಗೆ ತಲೆಯವರೆಗೂ ಥ್ರೆಡ್ಡು, ಅಂದರೆ ನಟ್ಟು ತಿರುಗುವ ಗೀರು, ಹಾಕುತ್ತೇವೆ. ನೇಕಾರ ಬೇಕಾದಲ್ಲಿ ನಟ್ಟು ಬಿಗಿದುಕೊಳ್ಳಬೇಕಲ್ಲ. ಕೈ ಅದೇ ರೂಢಿಯಲ್ಲಿ ಹೋಯಿತು. ಕಾರಿನ ಭಾರ ಕೂರುವ ಜಾಗದಲ್ಲಿ ಬೋಲ್ಟು ನುಣ್ಣಗಿರಬೇಕು. ಗೀರಿದ್ದರೆ ಅಲ್ಲಿಂದಲೇ ಸೀಳುತ್ತದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕೆಲಸ ಹಿಡಿದೆ.

ಹದಿನೈದು ದಿನಕ್ಕೆ ಬೋಲ್ಟು ಮುರಿಯಿತು, ಅದರ ಜೊತೆ ಸಾಹುಕಾರರ ಮುಂಗೈಯೂ. ಸುದ್ದಿ ಬಂದ ಕೂಡಲೇ ಬಸ್ಸು ಹತ್ತಿ ಹೋದೆ. ರಸ್ತೆಯಲ್ಲಿ ಬೋಲ್ಟಿನ ತಲೆ ಬಿದ್ದಿತ್ತು. ಸೀಳು ಥ್ರೆಡ್ಡಿನ ಗೀರಿನಲ್ಲೇ — ಯಾವ ಫಿಟ್ಟರ್ ನೋಡಿದರೂ ಹೇಳುತ್ತಿದ್ದ. ಎತ್ತಿ ಉಡಿಗೆ ಹಾಕಿಕೊಂಡೆ. ಟಾಯರು ಎಳೆದ ಗುರುತನ್ನೂ ನೋಡಿದೆ, ನಾಲ್ಕು ಮಾರು ಸಹ ಇರಲಿಲ್ಲ. ಕಾರು ನಿಧಾನವಾಗಿತ್ತು.

ಅಮೀನಗಡದ ದವಾಖಾನೆಯಲ್ಲಿ ಸಾಹುಕಾರರು ಕೈ ಹಿಡಿದುಕೊಂಡೇ ಕೇಳಿದರು, “ನಿಮ್ಮ ಬೋಲ್ಟ್ ಚಲೋ ಇತ್ತಿಲ್ಲೋ?”

“ತೆಗ್ಗಿಗೆ ಹಾರಿಸಿದ್ರ ಯಾವ ಬೋಲ್ಟ್ ಉಳದೀತ್ರಿ? ಓಡಿಸಿದಾಂವನ್ನ ಕೇಳ್ರಿ” ಎಂದೆ.

ಅಷ್ಟೇ ಮಾತು. ಕುಡಿದಿದ್ದ ಎಂಬುದನ್ನು ಜನ ಸೇರಿಸಿದರು, ನಾನು ಸುಮ್ಮನಿದ್ದೆ. ಯಮನೂರಪ್ಪ ಎಲೆ-ಅಡಿಕೆ ಸಹ ಹಾಕುವವನಲ್ಲ. ಆಮೇಲೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ತನ್ನೂರು ಬೇವೂರಿನಿಂದ ದಿನಾ ಬಂದು ಅಮೀನಗಡದ ಕರದಂಟಿನ ಅಂಗಡಿಯಲ್ಲಿ ಬೆಲ್ಲದ ಪಾಕ ತಿರುವುತ್ತಾನೆ. ಅಂಗಡಿಯಿಂದ ಆ ತಿರುವು ಕಾಣುತ್ತದೆ.

ಅಂದಿನಿಂದ ಮೂಲೆಯಲ್ಲಿ ನಿಂತಿದ್ದ ಕಾರನ್ನು ಮತ್ತೆ ಓಡಿಸಬೇಕೆಂದು ಈ ವರ್ಷ ಸಾಹುಕಾರರಿಗೆ ಅನಿಸಿತು. ಎಳೆಸಿಕೊಂಡು ನನ್ನ ಬಾಗಿಲಿಗೆ ತಂದರು. “ಈ ಸಲ ಗಟ್ಟಿ ಮಾಡವ್ವ. ಕುಡುಕ ಓಡಿಸಿದ್ರೂ ಮುರೀಬಾರ್ದು.”

ಕುಡುಕ. ಆ ಮಾತು ನನ್ನದೇ ಲೇಥಿನ ಮುಂದೆ ಬಿತ್ತು. ಬೋಲ್ಟು ಮುಗಿದ ದಿನ ಎಲ್ಲ ಹೇಳುವುದೆಂದು ಗಟ್ಟಿ ಮಾಡಿಕೊಂಡೆ.

ಹಳೆಯ ಲಾರಿಯ ಆಕ್ಸಲ್ ತರಿಸಿದೆ. ಅಂಥ ಉಕ್ಕು! ಕಡೆಯುವಾಗ ಸಿಪ್ಪೆ ನೀಲಿಯಾಗಿ ಚುರುಗುಟ್ಟಿ ಸುರುಳಿ ಸುರುಳಿ ಹಾರುತ್ತಿತ್ತು. ಭಾರ ಕೂರುವಲ್ಲಿ ಕನ್ನಡಿಯಂತೆ ನುಣುಪು, ನಟ್ಟು ಹಿಡಿಯುವಷ್ಟೇ ಥ್ರೆಡ್ಡು, ನಡುವೆ ಗ್ರೀಸು ಹೋಗಲು ಸಣ್ಣ ತೂತು — ಹೊಸ ಕಾರಿಗೂ ಇಂಥದು ಇರಲಿಕ್ಕಿಲ್ಲ. ವೈಸಿನಲ್ಲಿ ಬಿಗಿದು ಸುತ್ತಿಗೆಯಿಂದ ಹೊಡೆದೆ. ಸುತ್ತಿಗೆಯೇ ಹಾರಿ ಮೊಣಕೈ ಜುಮ್ಮೆಂದಿತು. ಒಬ್ಬಳೇ ನಕ್ಕೆ. ತಪ್ಪು ಒಪ್ಪಿಕೊಳ್ಳಲು ಹೊರಟವಳಿಗೆ ಇಷ್ಟು ಹುರುಪು ಸಲ್ಲದು. ಆದರೂ ಇತ್ತು, ಮುಚ್ಚಿಡುವುದು ಸಾಕು.

ಹೊಸ ಬೋಲ್ಟಿನ ಜೊತೆ, ಇಷ್ಟು ವರ್ಷ ಬಚ್ಚಿಟ್ಟಿದ್ದ ಆ ಹಳೆಯ ತಲೆಯನ್ನೂ ಸಾಹುಕಾರರ ಕೈಗಿಟ್ಟು ಎಲ್ಲ ಹೇಳಿದೆ. ಅವರು ಸೀಳನ್ನು ಬೆಳಕಿಗೆ ಹಿಡಿದು ನೋಡಿದರು. “ಜೋಡಿಸು. ಅವನ ಹತ್ರ ಹೋಗೂಣು” ಎಂದರು.

ಕಾರನ್ನು ಅವರ ಮಗಳು ಓಡಿಸಿದಳು. ಹುನಗುಂದ ದಾಟಿದ ಮೇಲೆ ಗಾಡಿ ರಸ್ತೆಯ ಒಂದು ತಗ್ಗಿಗೆ ಇಳಿಯಿತು, ಎದ್ದಿತು, ಹಿಂದಿನಿಂದ ಕಿರುಗುಟ್ಟಿದ ಒಂದು ಸದ್ದೂ ಇಲ್ಲ. ನನಗಾದದ್ದು ಹೆದರಿಕೆಯೋ ಸಂತೋಷವೋ — ಎರಡೂ.

ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿ ಬೋಲ್ಟಿನ ತಲೆಯನ್ನು ತಕ್ಕಡಿಯ ಪಕ್ಕಕ್ಕಿಟ್ಟೆ. “ತೂಕದಾಗ ಅದನ್ನೂ ಹಾಕೀರಿ ಮತ್ತ” ಎಂದಳು ಗಿರಾಕಿಯೊಬ್ಬಳು. ಯಾರೂ ನಗಲಿಲ್ಲ.

“ತಡಿ, ಪಾಕ ತಳ ಹತ್ತತದ” ಎಂದ ಯಮನೂರಪ್ಪ. ಕಡಾಯಿ ಇಳಿಸಿ, ಕೈ ಒರೆಸಿಕೊಂಡು, ಸೀಳಿನ ಮೇಲೆ ಉಗುರು ಆಡಿಸಿದ.

“ನಾ ಅವತ್ತ ನಿಧಾನ ಇದ್ನೇನಕ್ಕಾ?”

“ನಿಧಾನ ಇದ್ದಿ. ಟಾಯರ್ ಗುರುತು ನಾ ನೋಡೇನಿ.”

“ಎಲ್ಲಾರೂ ಜೋರ ಇದ್ದಿ ಅಂದ್ರು. ಕೇಳಿ ಕೇಳಿ... ನಾನೂ ನಂಬಿದ್ದೆ.”

ಅವನ ಕೆಲಸ ಹೋಯಿತು, ಹೆಸರು ಹೋಯಿತು — ಇಷ್ಟು ನಾನು ಲೆಕ್ಕ ಹಾಕಿದ್ದೆ. ಅವನು ತನ್ನ ಕೈಯನ್ನೇ ನಂಬದಂತಾದ ಎಂಬುದು ನನಗೆ ಹೊಳೆದಿರಲಿಲ್ಲ.

ಸಾಹುಕಾರರು ಕಾರಿನ ಕೀಲಿ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದ. “ಮೊದಲ ಬರದ ಕೊಡು. ಬಾಯಿಮಾತು ನಮ್ಮ ಮನ್ಯಾಗ ನಂಬಂಗಿಲ್ಲ.”

ಅದಕ್ಕೇ ಬರೆದಿದ್ದೇನೆ. ಕಾರು ನಿಧಾನವಾಗಿತ್ತು. ಯಮನೂರಪ್ಪ ಕುಡಿದಿರಲಿಲ್ಲ. ಬೋಲ್ಟು ಮಾಡಿದವಳು ನಾನು, ಬಚ್ಚಿಟ್ಟವಳೂ ನಾನು. ಸೋಮವಾರ ಬೇವೂರಿಗೆ ಹೋಗಿ ಅವನ ಹೆಂಡತಿ ಮಕ್ಕಳ ಎದುರು ಇದನ್ನು ನಾನೇ ಓದುತ್ತೇನೆ. ಅಕ್ಷರ ಕೂಡಿಸಿ ಕೂಡಿಸಿ ಓದುವವಳು, ಹೊತ್ತು ಹಿಡಿಯುತ್ತದೆ. ಹಿಡಿಯಲಿ.