ನಿಲ್ಲುವ ಗಾಲಿ

ಸುರಪುರದ ಆ ಓಣಿಯಲ್ಲಿ ಹೆಂಗಸರು ಯಾರೇ ತೀರಿಕೊಂಡರೂ ಮೊದಲು ಹೇಳಿಕಳಿಸುವುದು ಮಸ್ತಾನಬಿಗೆ. ಶವಕ್ಕೆ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಹೊದಿಸುವವಳು ಆಕೆ. ಅದನ್ನು ಕೆಲಸ ಎಂದರೆ ಸಿಟ್ಟಾಗುತ್ತಾಳೆ. ಹೊಟ್ಟೆಪಾಡಿಗೆ ಕೌದಿ ಹೊಲಿಯುತ್ತಾಳಲ್ಲ, ಕೆಲಸ ಅಂದರೆ ಅದು. ಬದುಕಿದ್ದವರ ಮೇಲೆ ಸದಾ ಹರಿಹಾಯುವ ಬಾಯಿ ಆಕೆಯದು. ಓಣಿಯ ಸೊಸೆಯಂದಿರು ಆಕೆ ಎದುರು ಬಂದರೆ ಗೋಡೆಗೆ ಅಂಟಿಕೊಂಡು ದಾಟುತ್ತಾರೆ. ಶವದ ಪಕ್ಕ ನಿಂತಾಗ ಮಾತ್ರ ಅದೇ ಹೆಂಗಸು ಬೇರೆಯೇ ಆಗಿಬಿಡುತ್ತಾಳೆ. ಎಳೆಗೂಸಿಗೆ ಎರೆಯುವಾಗಿನಂತೆ ನೀರಿನ ಬಿಸಿಯನ್ನು ಮೊಣಕೈಗೆ ತಾಕಿಸಿ ನೋಡುತ್ತಾಳೆ. ಸತ್ತವರಿಗೂ ನೋವಾಗುತ್ತದೆ, ಹೇಳಿಕೊಳ್ಳಲು ಆಗುವುದಿಲ್ಲ ಅಷ್ಟೆ ಎಂಬುದು ಆಕೆಯ ನಂಬಿಕೆ.

ಶವವನ್ನು ಮಲಗಿಸಿ ಸ್ನಾನ ಮಾಡಿಸುವ ಕಾಲುಳ್ಳ ಹಲಗೆ, ಅಂದರೆ ತಖ್ತಾ, ಕಬ್ಬಿಣದ್ದು, ಮಸೀದಿಯ ಹಿಂದಿನ ಕೋಣೆಯಲ್ಲಿರುತ್ತದೆ. ಸತ್ತವಳು ಹೆಂಗಸಾದರೆ ಗಂಡಸರು ಅದನ್ನು ಹೊತ್ತು ತಂದು ಬಾಗಿಲಲ್ಲಿಟ್ಟು ಹೋಗುತ್ತಾರೆ. ಪರದೆಯ ಒಳಗೆ ಅವರು ಬರುವಂತಿಲ್ಲ. ಅಲ್ಲಿಂದ ಹಿತ್ತಲಂಗಳದವರೆಗೆ ಅಳುವ ಹೆಂಗಸರೇ ಅದನ್ನು ಎಳೆಯಬೇಕು. ಮಸ್ತಾನಬಿಯ ಸೊಂಟ ಸೋತಿತ್ತು. ಆಕೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ತಂಗಿಯ ಮಗ ಯೂನುಸನ ಬಳಿ ಹೋದಳು.

“ಆ ತಖ್ತಾದ ಕಾಲಿಗೆ ಗಾಲಿ ಹಾಕಪಾ. ಹೆಣ್ಮಕ್ಕಳ ನಡಾ ಮುರಿಯಾಕತ್ತಾವ.”

ಯೂನುಸ ಕೂಲರ್ ಸ್ಟ್ಯಾಂಡಿಗೆ ಹಾಕುವಂಥ, ಎತ್ತ ಬೇಕಾದರೂ ತಿರುಗುವ ಸಣ್ಣ ಪ್ಲಾಸ್ಟಿಕ್ ಗಾಲಿಗಳನ್ನು ನಾಲ್ಕೂ ಕಾಲಿಗೆ ಕೂರಿಸಿದ. ಅಂಗಡಿಯ ಸಿಮೆಂಟು ನೆಲದ ಮೇಲೆ ಒಂದು ಬೆರಳಿನಿಂದ ತಳ್ಳಿದರೆ ತಖ್ತಾ ಸರಿಯಿತು. ಮಸ್ತಾನಬಿ ಅಪರೂಪಕ್ಕೆ ನಕ್ಕಳು.

ಆಮೇಲೆ ಮೊದಲು ತೀರಿಕೊಂಡವಳು ಅದೇ ಓಣಿಯ ಅರ್ಜುಮಂದ. ಅವರ ಹಿತ್ತಲಲ್ಲಿ ಪರಸಿಕಲ್ಲು ಹಾಸಿತ್ತು. ನೀರು ಹರಿದುಹೋಗಲೆಂದು ನೆಲ ಮೋರಿಯ ಕಡೆಗೆ ಇಳಿಜಾರಾಗಿತ್ತು. ಎಲ್ಲ ಮನೆಗಳಲ್ಲೂ ಹಾಗೇ ಇರುತ್ತದೆ, ಮಸ್ತಾನಬಿಗೆ ಅದು ಹೊಸದೇನಲ್ಲ. ಆದರೂ ಗಾಲಿ ಹಾಕಿಸುವಾಗ ಅದು ಹೊಳೆದಿರಲಿಲ್ಲ. ಎರಡನೇ ತಂಬಿಗೆ ಸುರಿಯುತ್ತಿದ್ದಂತೆ ಗಾಲಿಗಳು ತಿರುಗಿಕೊಂಡವು, ತಖ್ತಾ ಕೈತಪ್ಪಿ ಜಾರಿತು. ಅರ್ಜುಮಂದಳ ಪಾದ ಗೋಡೆಗೆ ಹೋಗಿ ಬಡಿಯಿತು.

“ಅಮ್ಮಿಗೆ ಬಡೀತು!” ಎಂದು ಮಗಳು ನುಜ್ಹತ ಚೀರಿದಳು.

ಮಸ್ತಾನಬಿ ತಖ್ತಾವನ್ನು ಎಳೆದು ತಂದು, ಮೋರಿಯ ಕಡೆಗೆ ನಿಂತು, ಅದು ಮತ್ತೆ ಜಾರದಂತೆ ತನ್ನ ಸೊಂಟ ಒತ್ತಿ ಹಿಡಿದಳು. ಕಫನ್ ಮುಗಿಯುವವರೆಗೂ ಆ ಸೋತ ಸೊಂಟವನ್ನು ಅಲ್ಲಿಂದ ತೆಗೆಯಲಿಲ್ಲ. ಹೊರಡುವಾಗ ನುಜ್ಹತ ಮುಖ ನೋಡದೆ ಅಂದಳು, “ಖಾಲಾ, ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ.”

ಸತ್ತವಳಿಗೆ ಏನು ಗೊತ್ತಾಗುತ್ತದೆ ಎಂದು ಓಣಿಯವರು ಸಮಾಧಾನ ಹೇಳಿದರು. ಬೇರೆ ಯಾರಾದರೂ ಒಪ್ಪಿಕೊಳ್ಳುತ್ತಿದ್ದರು, ಮಸ್ತಾನಬಿಗೆ ಅದು ಸಾಧ್ಯವಿರಲಿಲ್ಲ. ಆ ಪಾದಕ್ಕೆ ನೋವಾಗಿದೆ ಎಂದು ಆಕೆಗೆ ಖಾತ್ರಿ ಇತ್ತು. ಪೆಟ್ಟು ತಿಂದವಳು ಮಣ್ಣಿಗೆ ಹೋಗಿದ್ದಳು. ಮಾಫಿ ಕೇಳುವುದಾದರೆ ಇನ್ನು ಮಗಳನ್ನೇ ಕೇಳಬೇಕು. ಎಷ್ಟೋ ಸಲ ಆ ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಬರಿಗೈಯಲ್ಲಿ ಕೇಳಲು ನಾಲಿಗೆ ಏಳಲಿಲ್ಲ.

ಆಕೆ ಮತ್ತೆ ಅಂಗಡಿಗೆ ಹೋದಾಗ ಯೂನುಸ ತಲೆ ತಗ್ಗಿಸಿದ. “ತಪ್ಪ ನಂದ ಖಾಲಾ. ನಾಕೂ ತಿರುಗೋ ಗಾಲಿ ಹಾಕಿದ್ನಿ.”

“ನಂದ ತಪ್ಪ,” ಎಂದಳು ಮಸ್ತಾನಬಿ. “ಹೋಗೂದೊಂದ ಕೇಳಿದ್ನಿ, ನಿಲ್ಲೂದ ಕೇಳಲಿಲ್ಲ.”

ಈ ಸಲ ಅವನು ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳದಂಥ ದೊಡ್ಡ ರಬ್ಬರ್ ಗಾಲಿ ತರಿಸಿದ. ತಲೆಯ ಕಡೆಯ ಎರಡು ನೇರಕ್ಕೆ ಮಾತ್ರ ಉರುಳುವಂಥವು. ಕಾಲಿನ ಕಡೆಯ ಎರಡು ತಿರುಗುವಂಥವು, ಅವಕ್ಕೆ ಪಾದದಿಂದ ಒತ್ತುವ ಬ್ರೇಕು. ಒತ್ತಿದರೆ ಗಾಲಿ ಉರುಳುವುದೂ ಇಲ್ಲ, ತಿರುಗುವುದೂ ಇಲ್ಲ.

ಯೂನುಸ ತಖ್ತಾವನ್ನು ನುಜ್ಹತಳ ಬಾಗಿಲಿಗೆ ಮುಟ್ಟಿಸಿ ಹೊರಟುಹೋದ. ಜೊತೆಗೆ ಬಂದಿದ್ದ ಮಸ್ತಾನಬಿ ಬಾಗಿಲು ತಟ್ಟಿದಳು. ಬಾಗಿಲು ತೆರೆದ ನುಜ್ಹತ ತಖ್ತಾ ಕಂಡು ಪಕ್ಕಕ್ಕೆ ಸರಿದಳು.

“ಮಾಫಿ ಕೇಳಾಕ ಬಂದೀನಿ. ಬರೇ ಬಾಯಿಲೆ ಕೇಳೂದಿಲ್ಲ,” ಎಂದು ಮಸ್ತಾನಬಿ ಒಬ್ಬಳೇ ಅದನ್ನು ಹಿತ್ತಲಿಗೆ ತಳ್ಳಿಕೊಂಡು ಹೋದಳು. ಅರ್ಜುಮಂದಳನ್ನು ಮಲಗಿಸಿದ್ದ ಜಾಗದಲ್ಲೇ ನಿಲ್ಲಿಸಿ ಎರಡೂ ಬ್ರೇಕು ಒತ್ತಿದಳು. ಆಮೇಲೆ ಮೇಲೆ ಹತ್ತಿ ಉದ್ದಕ್ಕೆ ಮಲಗಿಬಿಟ್ಟಳು.

ಜೀವ ಇರುವವರು ಆ ತಖ್ತಾದ ಮೇಲೆ ಕೂರುವುದೂ ಇಲ್ಲ. ನುಜ್ಹತ ಆಕೆಯ ತೋಳು ಹಿಡಿದೆಳೆದಳು. “ಯಾ ಅಲ್ಲಾ! ಏಳ್ರಿ ಖಾಲಾ, ಹಿಂಗ ಮಾಡಬಾರದ್ರಿ.”

“ನೀರ ಹಾಕು ಬೇಟಿ. ಆಮ್ಯಾಲ ನೂಕು. ಬಡದ್ರ ನನಗ ಬಡೀಲಿ, ನೋವಾದ್ರ ನಾ ಹೇಳ್ತೀನಿ.”

ನುಜ್ಹತ ಹಿತ್ತಲ ಕೊಡದಲ್ಲಿದ್ದ ನೀರನ್ನು ತಲೆಯಿಂದ ಕಾಲಿನವರೆಗೆ ಸುರಿದಳು. ತಖ್ತಾ ಅಲುಗಲಿಲ್ಲ. ಆಗ ಅವಳಿಗೆ ಎಲ್ಲಿತ್ತೋ ಅಷ್ಟು ಸಿಟ್ಟು, ಎರಡೂ ಕೈ ಊರಿ ಮೋರಿಯ ಕಡೆಗೆ ನೂಕಿದಳು, ಅಳುತ್ತ ಮತ್ತೆ ಮತ್ತೆ ನೂಕಿದಳು. ಮಸ್ತಾನಬಿ ಕಣ್ಣು ಮುಚ್ಚಿಕೊಂಡು ಮಲಗಿಯೇ ಇದ್ದಳು. ಗಾಲಿಗಳು ನಿಂತಲ್ಲೇ ನಿಂತಿದ್ದವು.

ಕೊನೆಗೆ ನುಜ್ಹತ ತಖ್ತಾದ ಅಂಚಿಗೆ ಹಣೆ ಹಚ್ಚಿ ಕುಸಿದಳು. “ಅವತ್ತ ಹಿಂಗ ಇರಬೇಕಿತ್ತು, ಖಾಲಾ.”

“ಹೌದ ಬೇಟಿ,” ಎಂದಳು ಮಸ್ತಾನಬಿ. “ಅವತ್ತ ಇರಬೇಕಿತ್ತು.”

ಆಮೇಲೆ ನುಜ್ಹತ ಎದ್ದು, ಮುದುಕಿಯ ತಲೆಯ ಕೆಳಗೆ ಅಂಗೈ ಕೊಟ್ಟು ಮೆಲ್ಲಗೆ ಎತ್ತಿ, ತನ್ನ ದುಪಟ್ಟಾದಿಂದ ಅವಳ ಬಿಳಿಗೂದಲು ಒರೆಸತೊಡಗಿದಳು.

“ಏಳ್ರಿ,” ಎಂದಳು. “ಥಂಡಿ ಆಗ್ತದ.”