ಸೊಲ್ಲಾಪುರದವಳ ತಲೆಯ ಮೇಲೆ ನನ್ನ ಬಟಾಟೆ

ಆಗ ನನಗೆ ಅರವತ್ತೆರಡು. ಹನ್ನೆರಡು ವರ್ಷದ ಹಿಂದಿನ ಮಾತು. ತುರ್ಭೆಯ ದೊಡ್ಡ ಮಾರ್ಕೆಟ್ಟಿನ ಹತ್ತಿರದ ಚಾಳಿನಲ್ಲಿ ಮೇಲಿನ ಮಾಳಿಗೆಯಲ್ಲಿದ್ದೆವು. ನಮ್ಮ ಗೋಡೆಗೆ ಹತ್ತಿದ ಮನೆ ಸೊಲ್ಲಾಪುರದವಳದು. ರೊಟ್ಟಿ ಬಡಿದು, ಕಾರ್ಖಾನೆಯವರಿಗೆ ಊಟದ ಡಬ್ಬಿ ಕಳಿಸಿ ಬದುಕುವಾಕೆ. ನನ್ನ ಮಗ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ, ಬಟಾಟೆ ಮೂಟೆ ಹೊರುವ ಹಮಾಲ.

ಮೊಳಕೆ ಬಂದ ಬಟಾಟೆಯನ್ನು ಮಾರ್ಕೆಟ್ಟಿನಲ್ಲಿ ಯಾರೂ ಕೇಳುವುದಿಲ್ಲ. ದೀಪಾವಳಿ ಮುಗಿದ ಮೇಲೆ ಅಂಥವನ್ನು ಮಗನ ಕೈಲಿ ತರಿಸಿದೆ. ಹೋಳು ಮಾಡಿ, ಕೊಯ್ದ ಕಡೆ ಬೂದಿ ಹಚ್ಚಿ, ಖಾಲಿ ಸಿಮೆಂಟ್ ಚೀಲಗಳಲ್ಲಿ ಹೂಳಿದೆ. ಮೊದಲು ಚೀಲವನ್ನು ಅರ್ಧಕ್ಕೆ ಮಡಚಬೇಕು. ಗಿಡ ಎದ್ದಂತೆ ಮಡಿಕೆ ಬಿಚ್ಚಿ ಮಣ್ಣು ಏರಿಸುತ್ತ ಹೋಗಬೇಕು. ಮಣ್ಣು, ಆಡಿನ ಹಿಕ್ಕೆ ಎಲ್ಲ ನಾನೇ ಹೊತ್ತೆ. ಮನೆಗಳ ನೆತ್ತಿಯ ಬಯಲು ಗಚ್ಚಿಯ ಮೇಲೆ ಬಿಸಿಲು ಚೆನ್ನಾಗಿ ಬೀಳುವ ಮೂಲೆ ನೋಡಿ ಇಟ್ಟೆ.

ಮಗ ನಕ್ಕ. "ಯವ್ವಾ, ನಾ ಬೆನ್ನ ಮ್ಯಾಲ ಹೊರೂದು ಸಾಲದಂತ ತಲಿ ಮ್ಯಾಲ ಬ್ಯಾರೆ ಬೆಳೀತೀಯೇನು?"

"ನೀ ಹೊರೂದು ಶೇಟಂದು. ಇದು ನಂದು," ಅಂದೆ.

ಆ ಮೂಲೆಯ ಕೆಳಗೇ ಸೊಲ್ಲಾಪುರದವಳ ಅಡಿಗೆಮನೆ. ಸಂಕ್ರಾಂತಿ ಹೊತ್ತಿಗೆ ಅವಳ ಛತ್ತು ತೊಟ್ಟಿಕ್ಕತೊಡಗಿತು. ಹಿಟ್ಟಿನ ಕೈಯಲ್ಲೇ ನನ್ನ ಬಾಗಿಲಿಗೆ ಬಂದಳು.

"ಆಜಿ, ನಿನ್ನ ಹೊಲಾ ನನ್ನ ಹಿಟ್ಟಿನ್ಯಾಗ ಸೋರಾಕತ್ತೈತಿ. ಡಬ್ಬಿ ವಾಪಸ್ ಬಂದ್ರ ನೀ ತಿಂತೀಯೇನು?"

"ನನ್ನ ನೀರಲ್ಲ, ಗಚ್ಚಿ ಮ್ಯಾಲಿನ ನೀರಿನ ಟಾಕೀದು. ಹೋಗಿ ಟಾಕಿ ಜೋಡಿ ಜಗಳಾಡು."

"ಟಾಕಿ ಆ ಕಡಿಗೈತಿ!"

"ನೀರು ಕುಂತಲ್ಲೆ ಕುಂದರತೈತೇನು? ಹರದು ಬರತೈತಿ. ನಂದ ಆದ್ರ ಚೀಲಾ ನಿನ್ನ ತಲಿ ಮ್ಯಾಲಿಂದ ನಾನ ತಗೀತೀನಿ, ಹೋಗು."

ಚಾಳೆಲ್ಲ ಕೇಳುವಂತೆ ಅಂದಿದ್ದೆ. ಗಿಡ ಮೊಣಕಾಲೆತ್ತರ ಬಂದಿತ್ತು. ಆಗ ಎಳೆದಾಡಿದ್ದರೆ ಬೇರು ಅಲುಗಿ ಬೆಳೆಯೇ ಹೋಗುತ್ತಿತ್ತು. ಅವಳು ಒಲೆಯನ್ನು ಬಾಗಿಲ ಹತ್ತಿರ ಎಳೆದುಕೊಂಡು, ನನಗೆ ಕೇಳುವಂತೆ ಬೈಯುತ್ತ ರೊಟ್ಟಿ ಬಡಿದಳು.

ಶಿವರಾತ್ರಿ ಹತ್ತಿರ ಬಂತು, ಎಲೆ ಹಳದಿಯಾದವು. ಹಳದಿಯಾದ ಮೇಲೆ ನೀರು ಹಾಕಬಾರದು. ಮಣ್ಣೊಳಗೆ ಸಿಪ್ಪೆ ಗಟ್ಟಿಯಾಗಬೇಕು, ಇಲ್ಲದಿದ್ದರೆ ಗಡ್ಡೆ ಕೊಳೆಯುತ್ತದೆ. ನೀರು ನಿಲ್ಲಿಸಿದೆ.

ವಾರ ಕಳೆದಿರಬೇಕು. ಅವಳು ನಗುತ್ತ ಬಂದಳು, ಕೈಯಲ್ಲಿ ಸಕ್ಕರೆ.

"ಆಜಿ, ಸೋರೂದು ನಿಂತೈತಿ! ಮಹಾದೇವಗ ಹರಕಿ ಹೊತ್ತಿದ್ದೆ. ಬಾಯಿ ತಗಿ."

ಸಕ್ಕರೆ ತಿಂದೆ. ತಿಂದ ಮೇಲೆ ಹೇಳಿದೆ. "ಮಹಾದೇವ ಏನೂ ಮಾಡಿಲ್ಲ. ವಾರಾತು, ನಾ ನೀರು ಹಾಕಿಲ್ಲ. ಸೋರತಿದ್ದದ್ದು ನನ್ನ ನೀರ."

"ಮತ್ತ ಟಾಕಿ?"

"ಟಾಕಿ ತುಂಬೇ ಐತಿ. ಟಾಕಿದಲ್ಲ. ಅಗದು ತಗದ ಮ್ಯಾಲ ಚೀಲಾ ಸರಸ್ತೀನಿ."

"ಹರಕಿ ಹೊತ್ತದ್ದು ದಂಡ ಆತಲ್ಲ ಆಜಿ!" ಅಂತ ತಲೆ ಚಚ್ಚಿಕೊಂಡು ನಕ್ಕಳು.

ಶಿವರಾತ್ರಿಯ ದಿನ ಚೀಲಗಳನ್ನು ಬೋರಲು ಹಾಕಿದೆ. ಕೆಲವು ಮುಷ್ಟಿಯಷ್ಟು, ಕೆಲವು ಗೋಲಿಯಷ್ಟು. ಎರಡು ಬುಟ್ಟಿ ತುಂಬಿದವು. ಒಂದನ್ನು ಅವಳ ಮುಂದಿಟ್ಟೆ. ಇಬ್ಬರಿಗೂ ಉಪವಾಸ, ಉಪವಾಸಕ್ಕೆ ಬಟಾಟೆ ನಡೆಯುತ್ತದೆ. ಬಟಾಟೆ ಕುದಿಸಿ, ಶೇಂಗಾ ಪುಡಿ ಉದುರಿಸಿ, ಮತ್ತೆ ಹಳೆಯ ಜಾಗಕ್ಕೆ ಹೋಗಿದ್ದ ಅವಳ ಒಲೆಯ ಮುಂದೆಯೇ ತಿಂದೆವು.

"ರುಚಿ ಐತಿ. ಇನ್ನ ಹಾಕಂಗಿಲ್ಲೇನು?" ಕೇಳಿದಳು.

"ಯಾಕ ಹಾಕಂಗಿಲ್ಲ?"

ಮರುದಿನ ಮುಂಜಾನೆ ಗಚ್ಚಿ ಹತ್ತಿದೆ. ಮಣ್ಣನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿ, ಒಂದೊಂದಾಗಿ ಎಳೆದು, ನನ್ನದೇ ಅಡಿಗೆಮನೆಯ ನೆತ್ತಿಗೆ ತಂದು ಇಟ್ಟಿಗೆಯ ಮೇಲೆ ಸಾಲಾಗಿ ಕೂರಿಸಿದೆ. ಅಲ್ಲಿ ಬಿಸಿಲು ಕಮ್ಮಿ, ಬಟಾಟೆಗೆ ಸಾಲದು. ಮೆಂತ್ಯ ಬಿತ್ತಿದೆ.